ಡ್ಯಾಶ್‌ಬೋರ್ಡಿನೊಳಗಿನ ಕಿವಿ

ಮಲಪ್ರಭೆಯ ದಂಡೆಯಲ್ಲಿ ಒಂದು ತಗಡಿನ ಶೆಡ್ಡು. ಅದರ ಮುಂದೆ ಬೇವಿನ ಮರ. ಮರದ ನೆರಳಲ್ಲಿ ಯಾವಾಗಲೂ ಒಂದೆರಡು ಗಾಡಿಗಳು ಬಾನೆಟ್ ತೆರೆದುಕೊಂಡು ನಿಂತಿರುತ್ತಿದ್ದವು.

ಶೆಡ್ಡು ದಸ್ತಗೀರಸಾಬರದು. ನಲವತ್ತು ವರ್ಷಗಳಿಂದ ಗಾಡಿಗಳ ವೈರಿಂಗ್ ಮಾಡುತ್ತಿದ್ದರು. ಸುತ್ತಲಿನ ಊರುಗಳಿಗೆಲ್ಲ ಅವರು ಉಸ್ತಾದರು.

ಅವರ ಹತ್ತಿರ ಕೆಲಸ ಕಲಿಯಲು ಬಂದವನು ಚನ್ನವೀರ. ವಯಸ್ಸು ಇಪ್ಪತ್ತೇಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ್ದ. ಕಂಪ್ಯೂಟರ್ ಕೆಲಸ ಅವನಿಗೆ ನೀರು ಕುಡಿದಷ್ಟು ಸುಲಭ. ಗಾಡಿಯ ಕೆಲಸವನ್ನು ಮೂರು ವರ್ಷಗಳಿಂದ ಕಲಿಯುತ್ತಲೇ ಇದ್ದ.

ಒಂದು ದಿನ ದನದ ಡಾಕ್ಟರ್ ಸರ್ವಮಂಗಳಾ ಬಂದರು. ಕಾರು ಅವರದೇ, ಆದರೆ ಓಡಿಸಿಕೊಂಡು ಬಂದವನು ಬಾಡಿಗೆ ಡ್ರೈವರ್.

"ಉಸ್ತಾದ್ರ, ಎರಡು ವರ್ಷದಿಂದ ನನಗ ಕಿವಿ ಕೇಳಸೂದಿಲ್ಲ. ಜ್ವರ ಬಂದಿತ್ತು. ಹೋಗುವಾಗ ಕಿವಿನೂ ತಗೊಂಡು ಹೋತು. ನನ್ನ ಮುಖ ನೋಡಿ ಸಾವಕಾಶ ಮಾತಾಡ್ರಿ, ತುಟಿ ನೋಡಿ ತಿಳ್ಕೋತೀನಿ."

ಉಸ್ತಾದರು ಸಾವಕಾಶ ಕೇಳಿದರು. "ದನದ ಕೆಲಸಕ್ಕ ತೊಂದ್ರಿ ಆಗಿಲ್ಲೇನ್ರಿ ಬಾಯಾರ?"

"ದನಾ ಮೊದಲೂ ನನ್ನ ಕೂಡ ಮಾತಾಡತಿರಲಿಲ್ಲ."

ಉಸ್ತಾದರು ನಕ್ಕರು. ಡಾಕ್ಟರು ನಗಲಿಲ್ಲ.

"ತೊಂದ್ರಿ ಇರೂದು ದಾರ್ಯಾಗ. ಜ್ವರ ಬಂದ ಮ್ಯಾಲೆ ಗಾಡಿ ಓಡಿಸಿಲ್ಲ. ಹೋದ ತಿಂಗಳು ಒಂದು ಆಕಳು ಕರು ಹಾಕಲಾರದ ಒದ್ದಾಡತಿತ್ತು. ಡ್ರೈವರ್ ಬರೂದು ಎರಡು ತಾಸು ತಡ ಆತು. ನಾ ಹೋಗಿ ಮುಟ್ಟಿದಾಗ ಆಕಳು ತಣ್ಣಗಾಗಿತ್ತು. ಹೊಟ್ಟ್ಯಾಗಿನ ಕರಾನೂ."

ಅವರು ಚೀಲದಿಂದ ಒಂದು ಕಾಗದ ತೆಗೆದು ತೋರಿಸಿದರು.

"ಇನ್ನ ಇಪ್ಪತ್ತೊಂದು ದಿನಕ್ಕ ಗಾಡಿ ಓಡಿಸಿ ತೋರಿಸ್ರಿ ಅಂತ ಆರ್‌ಟಿಓದವರು ಕರೆದಾರ. ಪಾಸಾದ್ರ ಲೈಸೆನ್ಸ್ ಹೊಸದಾಗಿ ಸಿಗತೈತಿ. ಹಿಂದ ಯಾರರೆ ಹಾರ್ನ್ ಹೊಡೆದ್ರ ಅದು ಯಾವ ಕಡೆಯಿಂದ ಅಂತ ಗಾಡಿ ನನಗ ಹೇಳಬೇಕು. ಆಗತೈತೇನ್ರಿ?"

ಉಸ್ತಾದರು ಚನ್ನವೀರನ ಕಡೆ ನೋಡಿದರು. ಅವನು ಆಗಲೇ ಕಾರಿನ ಕಿಟಕಿಯಲ್ಲಿ ತಲೆ ಹಾಕಿ ಡ್ಯಾಶ್‌ಬೋರ್ಡಿನ ಅಗಲ ಅಳೆಯುತ್ತಿದ್ದ.

"ಆಗತೈತ್ರಿ," ಎಂದ.

"ಹಂಗಾದ್ರ ಇದು ನಿನ್ನ ಕೆಲಸ," ಎಂದರು ಉಸ್ತಾದರು. "ನಾ ಒಂದು ವೈರೂ ಮುಟ್ಟಂಗಿಲ್ಲ."

ಡಾಕ್ಟರು ಕಾರನ್ನು ಶೆಡ್ಡಿನಲ್ಲೇ ಬಿಟ್ಟು ಹೋದರು. ಚನ್ನವೀರ ಊಟ ಮರೆತು ಕೆಲಸ ಮಾಡಿದ.

ಹಳೆಯ ರೇಡಿಯೊ ಬಿಚ್ಚಿ ತೆಗೆದ. ಡ್ಯಾಶ್‌ಬೋರ್ಡ್ ಕೊರೆದು ಏಳು ಇಂಚಿನ ಟಚ್‌ಸ್ಕ್ರೀನ್ ಕೂರಿಸಿದ. ಅಂಚನ್ನು ಅರದಿಂದ ಉಜ್ಜಿ ಉಜ್ಜಿ, ಕಂಪನಿಯಿಂದಲೇ ಹಾಗೆ ಬಂದಿದೆ ಎನ್ನುವಂತೆ ಮಾಡಿದ. ಅಂಗೈ ಅಗಲದ ಕಂಪ್ಯೂಟರನ್ನು ಅದರ ಹಿಂದೆ ಬಿಗಿದ. ಕಾರಿನ ಹೊರಗೆ ನಾಲ್ಕು ಮೂಲೆಗೆ ನಾಲ್ಕು ಮೈಕು ಇಟ್ಟು, ಗಾಳಿ ಹೊಡೆಯದಂತೆ ಸ್ಪಂಜು ಸುತ್ತಿದ. ಎರಡು ದಿನ ಹೆದ್ದಾರಿಯ ಪಕ್ಕ ನಿಂತು ಬಸ್ಸು, ಲಾರಿ, ಬೈಕು, ಆಂಬುಲೆನ್ಸ್‌ಗಳ ಸದ್ದು ಹಿಡಿದು ತಂದು, ಯಾವುದು ಯಾವುದೆಂದು ಕಂಪ್ಯೂಟರಿಗೆ ಕಲಿಸಿದ.

ಏಳನೆಯ ದಿನ ಉಸ್ತಾದರನ್ನು ಕರೆದು ಕಾರಿನಲ್ಲಿ ಕೂರಿಸಿದ. ಸ್ಕ್ರೀನ್ ಬೆಳಗಿತು. ಒಂದು ಕಡೆ ನಕಾಶೆ. ಒಂದು ಕಡೆ ಇಂಜಿನ್ನಿನ ಬಿಸಿ, ಟೈರಿನ ಗಾಳಿ, ಹೊರಗಿನ ಹವೆ. ನಡುವೆ ಕಾರಿನ ಚಿತ್ರ. ಹಾರ್ನ್ ಕೇಳಿದ ಕಡೆ ಚಿತ್ರದ ಸುತ್ತ ಬಣ್ಣಬಣ್ಣದ ಉಂಗುರಗಳು ಏಳುತ್ತಿದ್ದವು.

"ಚಂದ ಐತಿ," ಎಂದರು ಉಸ್ತಾದರು.

ಮೂರು ವರ್ಷದಲ್ಲಿ ಆ ಮಾತು ಚನ್ನವೀರನ ಕಿವಿಗೆ ಬಿದ್ದದ್ದು ಅದೇ ಮೊದಲು.

"ಸೆಲ್ಫ್ ಹೊಡಿ."

ಚನ್ನವೀರ ಚಾವಿ ತಿರುಗಿಸಿದ. ಇಂಜಿನ್ ಶುರುವಾಯಿತು. ಸ್ಕ್ರೀನ್ ಕಪ್ಪಾಯಿತು. ಮತ್ತೆ ಬೆಳಗಲು ನಲವತ್ತು ಸೆಕೆಂಡು ಹಿಡಿಯಿತು.

"ಈ ನಲವತ್ತು ಸೆಕೆಂಡು ಬಾಯಾರು ಯಾರ ಕಿವಿಲೆ ಕೇಳಬೇಕು?"

"ಬ್ಯಾಟರಿ ಹಳೇದೈತ್ರಿ."

ಉಸ್ತಾದರು ಮೀಟರು ತಂದು ಬ್ಯಾಟರಿಗೆ ಹಚ್ಚಿದರು. ಹನ್ನೆರಡು ವೋಲ್ಟ್ ತೋರಿಸಿತು. ಚಾವಿ ತಿರುಗಿಸು ಎಂದು ಕೈ ಮಾಡಿದರು. ಸೆಲ್ಫ್ ತಿರುಗುವಷ್ಟು ಹೊತ್ತು ಮುಳ್ಳು ಎಂಟಕ್ಕೆ ಇಳಿದು, ಮತ್ತೆ ಮೇಲೇರಿತು.

ಅವರು ಶೆಡ್ಡಿನೊಳಗೆ ಹೋಗಿ, ಇನ್ನೂ ಪೆಟ್ಟಿಗೆ ಬಿಚ್ಚದ ಹೊಸ ಬ್ಯಾಟರಿ ತಂದು, ಕಾರಿಗೆ ಜೋಡಿಸಲು ಹೇಳಿ, ಅದಕ್ಕೂ ಮೀಟರು ಹಚ್ಚಿದರು. ಸೆಲ್ಫ್ ತಿರುಗುವಾಗ ಮುಳ್ಳು ಅದರಲ್ಲೂ ಇಳಿಯಿತು. ಹೊಸ ಬ್ಯಾಟರಿಯನ್ನು ಒಳಗೆ ಇಟ್ಟು ಬಂದರು.

ಚನ್ನವೀರ ಕಂಪ್ಯೂಟರಿಗೆಂದೇ ಬೇರೆ ಚಿಕ್ಕ ಬ್ಯಾಟರಿ ಕೂರಿಸಿದ. ದೊಡ್ಡದು ಅದನ್ನು ತುಂಬಿಸುವಂತೆ ವೈರು ಎಳೆದ. ಆಮೇಲೆ ಎಷ್ಟು ಸಲ ಸೆಲ್ಫ್ ಹೊಡೆದರೂ ಸ್ಕ್ರೀನ್ ಕಣ್ಣು ಮುಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಕಾರೇ ಶುರುವಾಗಲಿಲ್ಲ.

"ತಳ್ಳು," ಎಂದರು ಉಸ್ತಾದರು.

ಇಬ್ಬರೂ ತಳ್ಳಿದರು. ದಂಡೆಯ ಉಸುಕಿನಲ್ಲಿ ಚಕ್ರ ಹೂತುಕೊಳ್ಳುತ್ತಿತ್ತು. ಬಿಸಿಲು ಏರಿತು. ಚನ್ನವೀರನ ಅಂಗಿ ಬೆನ್ನಿಗೆ ಅಂಟಿತು.

"ಯಾಕ ತಳ್ಳಾಕತ್ತೀವಿ, ಗೊತ್ತೈತೇನು?"

"ಗೊತ್ತೈತ್ರಿ. ಚಾವಿ ತಗದ ಮ್ಯಾಲೂ ಸಣ್ಣ ಬ್ಯಾಟರಿ ದೊಡ್ಡದನ್ನ ಕುಡಕೋತನ ಇತ್ತು. ಸಾಕು ಅನ್ನೂದನ್ನ ನಾ ಅದಕ್ಕ ಕಲಿಸಿಲ್ಲ."

"ಸಾಕು ಅನ್ನೂದು ನಿನಗ ಗೊತ್ತೈತೇನು?"

ಚನ್ನವೀರನಿಗೆ ಆ ಪ್ರಶ್ನೆ ಬ್ಯಾಟರಿಯದು ಎನಿಸಿತು. "ಈಗ ಗೊತ್ತಾತ್ರಿ," ಎಂದ.

ಉಸ್ತಾದರು ಮತ್ತೆ ಹೆಗಲು ಕೊಟ್ಟು ತಳ್ಳಿದರು.

ಚಾವಿ ತೆಗೆದ ಕೂಡಲೇ ಸಂಪರ್ಕ ಕಡಿದುಹೋಗುವಂತೆ ಒಂದು ರಿಲೇ ಹಾಕಿದ ಮೇಲೆ ಆ ತೊಂದರೆಯೂ ಮುಗಿಯಿತು.

"ಇನ್ನ ಬಾಯಾರನ್ನ ಕರೀಲೇನ್ರಿ?"

ಉಸ್ತಾದರು ಕಿಸೆಯಿಂದ ಹತ್ತಿ ತೆಗೆದರು.

"ಮೊದಲ ನೀ ಓಡಸು. ಇದನ್ನ ಕಿವ್ಯಾಗ ತುರುಕ್ಕೊ. ಮ್ಯಾಲೆ ರುಮಾಲು ಬಿಗಿ. ನಾ ಬೈಕ್ ಮ್ಯಾಲೆ ಹಿಂದ ಬರ್ತೀನಿ. ಹಾರ್ನ್ ಹೊಡೆದಾಗೆಲ್ಲಾ ಹಾದಿ ಬಿಡು."

ಚನ್ನವೀರ ಹೊಳೆಯ ಪಕ್ಕದ ರಸ್ತೆಯಲ್ಲಿ ಕಾರು ಬಿಟ್ಟ. ಜಗತ್ತಿನ ಸದ್ದು ನಿಂತುಹೋಗಿತ್ತು. ತನ್ನ ಉಸಿರು ಮಾತ್ರ ತಲೆಯೊಳಗೆ ಕೇಳುತ್ತಿತ್ತು.

ಮೊದಲ ಸಲ ಕೆಂಪು ಉಂಗುರ ಎದ್ದಿತು. ಕಂಡ, ಎಡಕ್ಕೆ ಸರಿದ. ಉಸ್ತಾದರು ಮುಂದೆ ಹೋಗಿ ಮತ್ತೆ ಹಿಂದಾದರು.

ಎರಡನೆಯ ಸಲ ನಕಾಶೆ ತಿರುಗುತ್ತಿತ್ತು. ಟೈರಿನ ಗಾಳಿಯ ಅಂಕಿ ಮಿನುಗುತ್ತಿತ್ತು. ಎಲ್ಲೋ ಹಳದಿ ಎದ್ದಿತು, ಎಲ್ಲೋ ಕೆಂಪು. ಯಾವುದು ಉಸ್ತಾದರದು ಎಂದು ಹುಡುಕಿದ.

ತಲೆ ಎತ್ತಿದಾಗ ಮುಂದಿನ ಗಾಜಿನ ತುಂಬ ಕುರಿಗಳಿದ್ದವು.

ಬ್ರೇಕಿನ ಮೇಲೆ ಎದ್ದು ನಿಂತ. ಕಾರು ನಿಂತಾಗ ಮುಂದಿದ್ದ ಟಗರಿನ ಕೊಂಬಿಗೂ ಬಂಪರಿಗೂ ನಡುವೆ ಒಂದು ಗೇಣು ಜಾಗವಿತ್ತು.

ಕುರಿ ಕಾಯುವ ಮುದುಕ ಕಿಟಕಿಯ ಹತ್ತಿರ ಬಂದ. ಅವನ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಚನ್ನವೀರನಿಗೆ ಒಂದಕ್ಷರ ಕೇಳಲಿಲ್ಲ.

ಉಸ್ತಾದರು ಮುದುಕನಿಗೆ ಸಮಾಧಾನ ಹೇಳಿ ಕಳಿಸಿದರು. ಬಂದು ರುಮಾಲು ಬಿಚ್ಚಿದರು.

"ಏನ್ ಕಂಡ್ತು?"

"ಸ್ಕ್ರೀನ್ ಕಂಡ್ತ್ರಿ."

"ಕುರಿ?"

"ಕಾಣಲಿಲ್ರಿ."

"ಬಾಯಾರಿಗೆ ಕಿವಿ ಇರಲಿಲ್ಲ. ಕಣ್ಣರೆ ಇದ್ದುವು. ಅವನ್ನೂ ನೀ ಕಸಗೊಂಡಿ."

ಅಂದು ಚನ್ನವೀರ ಹೊಳೆಯ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಉಸ್ತಾದರು ಕೈ ತೊಳೆಯಲು ಬಂದರು.

"ನನ್ನಿಂದ ಆಗಂಗಿಲ್ರಿ ಉಸ್ತಾದ್ರ. ನೀವ ಮಾಡ್ರಿ."

"ಬಾಯಾರು ನಾಳೆ ಯಾವ ಊರಿಗೆ ಹೊಂಟಾರ?"

"ನನಗ ಹೆಂಗ ಗೊತ್ತಾಗಬೇಕ್ರಿ?"

"ಹತ್ತು ದಿನದಿಂದ ಅವರ ಸಲುವಾಗಿ ಕೆಲಸ ಮಾಡಾಕತ್ತಿ. ಅವರು ಎಲ್ಲಿ ಹೋಗ್ತಾರ, ಹೆಂಗ ದುಡೀತಾರ, ಒಂದು ದಿನಾನೂ ನೋಡಿಲ್ಲ." ಉಸ್ತಾದರು ಕೈ ಒರೆಸಿಕೊಂಡರು. "ನಾಳೆ ಅವರ ಕೂಡ ಹೋಗು. ಪಾನಾ, ಸ್ಕ್ರೂಡ್ರೈವರ್ ಎಲ್ಲಾ ಇಲ್ಲೇ ಇಟ್ಟು ಹೋಗು."

ಮರುದಿನ ಚನ್ನವೀರ ಒಂದು ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. ಮೇವು ಬಿಟ್ಟ ಆಕಳ ಪಕ್ಕದಲ್ಲಿ ಡಾಕ್ಟರು ನಿಂತಿದ್ದರು. ಅಂಗೈಯನ್ನು ಅದರ ಹೊಟ್ಟೆಗೆ ಒತ್ತಿ ಹಿಡಿದಿದ್ದರು. ಕೈ ಅಲ್ಲೇ ಇತ್ತು. ಕಣ್ಣು ಮಾತ್ರ ಆಕಳ ಕಿವಿ, ಬಾಲ, ಹಿಂಗಾಲುಗಳ ಮೇಲೆ ಓಡಾಡುತ್ತಿತ್ತು.

ಅದು ಒದೆಯಲು ಕಾಲೆತ್ತಿತು. ಅವರು ಅದಕ್ಕಿಂತ ಮೊದಲೇ ಸರಿದಿದ್ದರು.

ಹೊರಗೆ ಬಂದ ಮೇಲೆ ಅವನು ಅವರೆದುರು ನಿಂತು ಕೇಳಿದ. "ಹೊಟ್ಟಿ ಪರೀಕ್ಷಾ ಮಾಡುವಾಗ ನೀವು ಕೈ ಕಡೆ ನೋಡಲೇ ಇಲ್ಲ, ಯಾಕ್ರಿ?"

"ಹೊಟ್ಟ್ಯಾಗಿನ ಸುದ್ದಿ ಅಂಗೈಗೆ ತಿಳೀತೈತಿ. ಮೊದಲ ಕಿವಿಗೆ ಕೊಳವಿ ಹಚ್ಚಿ ಕೇಳತಿದ್ದೆ. ಈಗ ಕೈಲೆ ಕೇಳತೀನಿ." ಅವರು ಬಕೆಟ್ಟಿನಲ್ಲಿ ಕೈ ಅದ್ದಿದರು. "ಕಣ್ಣು ಬ್ಯಾರೆ ಕೆಲಸಕ್ಕ ಬೇಕಲ್ಲಪಾ. ಕೈ ನೋಡಕೋತ ನಿಂತ್ರ ಒದಿಸ್ಕೋತೀನಿ."

ಚನ್ನವೀರ ಅವರಿಗೆ ಕೈಮುಗಿದ. ಬೈಕ್ ಹತ್ತಿ ಶೆಡ್ಡಿಗೆ ಬಂದವನು ನೇರ ಕಾರಿಗೆ ಹೋದ.

ಮೊದಲು ನಕಾಶೆ ಅಳಿಸಿದ. ಆಮೇಲೆ ಬಿಸಿ, ಗಾಳಿ, ಹವೆ. ಉಂಗುರಗಳನ್ನು ಅಳಿಸುವಾಗ ಮಾತ್ರ ಬೆರಳು ಸ್ವಲ್ಪ ತಡೆಯಿತು. ಅವನ್ನು ಬರೆಯಲು ಎರಡು ದಿನ ಹಿಡಿದಿತ್ತು. ಅವನ್ನೂ ಅಳಿಸಿದ.

ಡ್ರೈವರ್ ಸೀಟಿನ ಹೊದಿಕೆ ಬಿಚ್ಚಿದ. ಮೊಬೈಲು ನಡುಗಲು ಅದರೊಳಗೆ ಇರುತ್ತದಲ್ಲ, ಅಂಥ ಪುಟ್ಟ ಮೋಟಾರುಗಳನ್ನು ಒಳಗೆ ಹೊಲಿದ. ಎಡಗಡೆಯಿಂದ ಹಾರ್ನ್ ಬಂದರೆ ಎಡತೊಡೆಗೆ, ಬಲಗಡೆಯಿಂದ ಬಂದರೆ ಬಲತೊಡೆಗೆ, ನೇರ ಹಿಂದಿನಿಂದ ಬಂದರೆ ಸೊಂಟಕ್ಕೆ ತಾಗಬೇಕು. ಸೈರನ್ ಕೇಳಿದರೆ ಇಡೀ ಬೆನ್ನು ನಡುಗಬೇಕು.

ಚಕ್ರ ತಿರುಗುತ್ತಿರುವಷ್ಟು ಹೊತ್ತು ಸ್ಕ್ರೀನ್ ಕಪ್ಪಾಗಿರುತ್ತಿತ್ತು. ಗಾಡಿ ನಿಂತಾಗ ಮಾತ್ರ ಬೆಳಗಿ, ಗಾಡಿಯ ಒಳಗೂ ಹೊರಗೂ ಹತ್ತಿರದಲ್ಲಿ ಯಾರು ಏನು ಮಾತಾಡಿದರೂ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ತೋರಿಸುತ್ತಿತ್ತು. ಇಡೀ ಸ್ಕ್ರೀನಿಗೆ ಒಂದೇ ಗುಂಡಿ. ಮುಟ್ಟಿದರೆ ಹಿಂದಿನ ಮಾತು ಮತ್ತೆ ಬರುತ್ತಿತ್ತು. ಸಗಣಿ ಮೆತ್ತಿದ ಬೆರಳಿನಿಂದಲೂ ಒತ್ತಲು ಬರಬೇಕೆಂದು ಅದನ್ನು ಅಂಗೈಯಷ್ಟು ದೊಡ್ಡದು ಮಾಡಿದ.

ಮುಗಿದ ದಿನ ತಾನೇ ಹತ್ತಿ ಹುಡುಕಿ ಕಿವಿಗೆ ತುರುಕಿಕೊಂಡ. ಉಸ್ತಾದರು ಬೈಕ್ ತೆಗೆದರು.

ಏಳು ಸಲ ಹಾರ್ನ್ ಹೊಡೆದರು. ಚನ್ನವೀರ ಏಳು ಸಲವೂ ಹಾದಿ ಬಿಟ್ಟ. ನಡುವೆ ಒಂದು ನಾಯಿ ಅಡ್ಡ ಬಂತು. ಅದನ್ನು ದೂರದಿಂದಲೇ ಕಂಡಿದ್ದ.

ಉಸ್ತಾದರು ಬೈಕ್ ನಿಲ್ಲಿಸಿದರು. ಬುತ್ತಿ ಬಿಚ್ಚಿ, ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ಅವನಿಗೆ ಕೊಟ್ಟರು.

ಸಂಜೆಯ ಹೊತ್ತಿಗೆ ಡಾಕ್ಟರು ಬಂದರು. ಚನ್ನವೀರ ಅವರನ್ನು ಸೀಟಿನಲ್ಲಿ ಕೂರಿಸಿ, ಕಣ್ಣು ಮುಚ್ಚಿಕೊಳ್ಳಿ ಎಂದು ಸನ್ನೆ ಮಾಡಿದ.

ಉಸ್ತಾದರು ಒಂದು ಹಳೆಯ ಹಾರ್ನ್ ಹಿಡಿದುಕೊಂಡು ಕಾರಿನ ಹಿಂದೆ ನಡೆದರು. ಎಡಕ್ಕೆ ನಿಂತು ಊದಿದರು. ಡಾಕ್ಟರ ಕೈ ಎಡಕ್ಕೆ ತೋರಿಸಿತು. ಬಲಕ್ಕೆ ಹೋಗಿ ಊದಿದರು. ಕೈ ಬಲಕ್ಕೆ ತಿರುಗಿತು. ಉಸ್ತಾದರು ಚಪ್ಪಲಿ ಬಿಟ್ಟು ಕಳ್ಳಹೆಜ್ಜೆ ಹಾಕಿ ಮತ್ತೆ ಎಡಕ್ಕೆ ಬಂದು ಊದಿದರು. ಕೈ ಅವರನ್ನು ಹಿಡಿದೇ ಬಿಟ್ಟಿತು.

ಡಾಕ್ಟರು ಕಣ್ಣು ತೆರೆದರು. ಅವು ಒದ್ದೆಯಾಗಿದ್ದವು.

"ನನ್ನ ಬೆನ್ನ ಹಿಂದನೂ ಒಂದು ಜಗತ್ತೈತಿ ಅನ್ನೂದು ಮರತಿದ್ದೆ," ಎಂದರು.

ಪರೀಕ್ಷೆಯ ದಿನ ಉಸ್ತಾದರೂ ಚನ್ನವೀರನೂ ಜೊತೆಗೆ ಹೋದರು. ಅವರಿಬ್ಬರೂ ಹಿಂದಿನ ಸೀಟಿನಲ್ಲಿ ಕೂರಲು ಆರ್‌ಟಿಓ ಇನ್ಸ್‌ಪೆಕ್ಟರು ಒಪ್ಪಿದರು. ತಾವು ಡಾಕ್ಟರ ಪಕ್ಕದಲ್ಲಿ ಕೂತು ಸ್ಕ್ರೀನನ್ನು ಅನುಮಾನದಿಂದ ನೋಡಿದರು.

"ಇದನ್ನ ನೋಡಕೋತ ಗಾಡಿ ಓಡಸ್ತಾರೇನು?"

ಆ ಮಾತು ಅಕ್ಷರವಾಗಿ ಸ್ಕ್ರೀನಿನ ಮೇಲೆ ಮೂಡಿತು. ಇನ್ಸ್‌ಪೆಕ್ಟರು ತಮ್ಮದೇ ಮಾತನ್ನು ಓದಿ ಸ್ವಲ್ಪ ಸರಿದು ಕೂತರು.

"ಇಲ್ರಿ," ಎಂದರು ಡಾಕ್ಟರು. "ಓಡಸೂದು ಹಾದಿ ನೋಡಕೋತ." ಕಾರು ಹೊರಟಿತು. ಸ್ಕ್ರೀನ್ ಕಪ್ಪಾಯಿತು.

ಪೇಟೆ ದಾಟಿದರು. ಹಿಂದೆ ಬಲಗಡೆಯಿಂದ ಬಸ್ಸೊಂದು ಹಾರ್ನ್ ಹೊಡೆಯಿತು. ಇನ್ಸ್‌ಪೆಕ್ಟರು ತಿರುಗಿ ನೋಡುವ ಮೊದಲೇ ಡಾಕ್ಟರು ಹಾದಿ ಬಿಟ್ಟಿದ್ದರು. ಸಂದಿಯಿಂದ ಬೈಕೊಂದು ಕಿರುಚಿಕೊಂಡು ಬಂತು. ಅದಕ್ಕೂ ಬಿಟ್ಟರು. ಚನ್ನವೀರ ಮೊಣಕಾಲು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದ.

ಊರ ಹೊರಗೆ, ಒಂದು ತಿರುವು ದಾಟಿದ ಮೇಲೆ, ಡಾಕ್ಟರು ವೇಗ ಇಳಿಸಿದರು. ಕಾರನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿದರು. ರಸ್ತೆ ಹಿಂದೆಯೂ ಮುಂದೆಯೂ ಖಾಲಿ ಇತ್ತು.

"ಯಾಕ ನಿಂತ್ರಿ?" ಎಂದರು ಇನ್ಸ್‌ಪೆಕ್ಟರು. ಸ್ಕ್ರೀನ್ ಆ ಮಾತನ್ನು ಬರೆಯಿತು.

"ಹಿಂದ ಆಂಬುಲೆನ್ಸ್ ಬರಾಕತ್ತೈತಿ."

"ನನಗೇನೂ ಕೇಳವಲ್ದು."

ಏರಿಸಿದ ಗಾಜುಗಳ ಹಿಂದೆ ನಾಲ್ವರೂ ಕಾದರು.

ಆಮೇಲೆ ಸೈರನ್ ಕೇಳಿತು. ಮೊದಲು ಸಣ್ಣಗೆ, ಬರುಬರುತ್ತಾ ಜೋರಾಗಿ. ತಿರುವಿನಲ್ಲಿ ಆಂಬುಲೆನ್ಸ್ ಕಾಣಿಸಿತು, ಖಾಲಿ ರಸ್ತೆಯಲ್ಲಿ ಒಂದಿಷ್ಟೂ ತಡೆಯದೆ ದಾಟಿ ಹೋಯಿತು.

ಇನ್ಸ್‌ಪೆಕ್ಟರು ಅದು ಮರೆಯಾಗುವವರೆಗೂ ನೋಡಿದರು. ಮಡಿಲಲ್ಲಿದ್ದ ಕಾಗದ ತೆಗೆದು, ಅಲ್ಲೇ, ರಸ್ತೆಯ ಪಕ್ಕದಲ್ಲೇ ಸಹಿ ಹಾಕಿದರು.

"ಎರಡೂ ಕಿವಿ ಇದ್ದ ಎಷ್ಟೋ ಮಂದಿನ್ನ ಪಾಸ್ ಮಾಡೀನಿ. ಇಷ್ಟು ಮೊದಲ ಯಾರೂ ಹಾದಿ ಬಿಟ್ಟಿಲ್ಲ," ಎಂದರು. ಸ್ಕ್ರೀನ್ ಅದನ್ನೂ ಬರೆಯಿತು. ಡಾಕ್ಟರು ಅಂಗೈಯಷ್ಟು ದೊಡ್ಡ ಗುಂಡಿ ಒತ್ತಿ, ಆ ಮಾತನ್ನು ಇನ್ನೊಂದು ಸಲ ಓದಿದರು.

ಇನ್ಸ್‌ಪೆಕ್ಟರನ್ನು ಇಳಿಸಿ ಕಾರು ಹೊರಡುವಷ್ಟರಲ್ಲಿ ಡಾಕ್ಟರ ಮೊಬೈಲು ನಡುಗಿತು. ಒಂದು ಹಳ್ಳಿಯಲ್ಲಿ ಎಮ್ಮೆಯೊಂದು ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿತ್ತು. ಅವರು ಸಂದೇಶ ಓದಿ ಹಿಂದೆ ತಿರುಗಿದರು.

"ನಿಮ್ಮನ್ನ ಶೆಡ್ಡಿಗೆ ಬಿಟ್ಟು ಹೋದ್ರ ತಡ ಆಗತೈತಿ."

"ನಡೀರಿ," ಎಂದರು ಉಸ್ತಾದರು.

ಹದಿನಾಲ್ಕು ಕಿಲೋಮೀಟರು. ಹೊಲಗಳ ನಡುವಿನ ದಾರಿಯಲ್ಲಿ ಟ್ರ್ಯಾಕ್ಟರುಗಳಿಗೆ ಹಾದಿ ಬಿಡುತ್ತಾ, ಎದುರಿನ ಎತ್ತುಗಳನ್ನು ತಪ್ಪಿಸುತ್ತಾ, ಡಾಕ್ಟರು ಒಂದೇ ಸಮನೆ ಓಡಿಸಿದರು.

ಎಮ್ಮೆಯ ಯಜಮಾನ ಕಿಟಕಿಗೆ ಓಡಿ ಬಂದ. ಅವನ ಮೀಸೆ ತುಟಿಯನ್ನು ಪೂರ್ತಿ ಮುಚ್ಚಿತ್ತು. ಡಾಕ್ಟರು ಅವನ ಬಾಯಿ ನೋಡಿದರು, ಏನೂ ತಿಳಿಯಲಿಲ್ಲ. ಸ್ಕ್ರೀನಿನ ಕಡೆ ಕಣ್ಣು ಹಾಯಿಸಿದರು.

"ಶೇಂಗಾದ ಹಸಿ ಬಳ್ಳಿ ತಿಂದೈತ್ರಿ. ಎಡಗಡೆ ನಗಾರಿ ಆಗೇತಿ. ಉಸಿರು ಸಿಗವಲ್ದು."

ಚೀಲ ಎತ್ತಿಕೊಂಡು ಡಾಕ್ಟರು ಇಳಿದೇ ಬಿಟ್ಟರು. ಎಮ್ಮೆಯ ಎಡಪಕ್ಕೆಗೆ ಅಂಗೈ ಇಟ್ಟು ಜಾಗ ಹುಡುಕಿ, ದಪ್ಪ ಟೊಳ್ಳು ಸೂಜಿ ಚುಚ್ಚಿದರು. ಗಾಳಿ ಬುಸ್ಸೆಂದು ಹೊರಬಿತ್ತು. ಉಬ್ಬಿದ ಹೊಟ್ಟೆ ಕಣ್ಣೆದುರೇ ಇಳಿಯಿತು. ಎಮ್ಮೆ ಒಂದು ದೀರ್ಘ ಉಸಿರು ಬಿಟ್ಟಿತು, ಕಿವಿ ಬಡಿಯಿತು, ಮುಂಗಾಲು ಊರಿ ಎದ್ದು ನಿಂತಿತು.

ಯಜಮಾನ ಅದರ ಕೊರಳು ತಬ್ಬಿಕೊಂಡು ಅತ್ತ. ಡಾಕ್ಟರು ಬಕೆಟ್ಟು ಕೇಳಿ ಕೈ ತೊಳೆದರು. ಅವರ ಮುಖ ಬೆಳಗುತ್ತಿತ್ತು.

ಶೆಡ್ಡಿನ ಮುಂದೆ ಇಬ್ಬರನ್ನೂ ಇಳಿಸಿದಾಗ ಇನ್ನೂ ಬಿಸಿಲಿತ್ತು. "ಇನ್ನ ಎರಡು ಊರಿಗೆ ಹೋಗೂದೈತಿ," ಎಂದು ಡಾಕ್ಟರು ಕೈ ಬೀಸಿದರು. ಕಾರು ದಂಡೆಯ ರಸ್ತೆ ಹಿಡಿಯಿತು. ಹಿಂದಿನಿಂದ ಬಂದ ಲಾರಿಗೆ ಹಾದಿ ಬಿಟ್ಟಿತು, ಮತ್ತೆ ರಸ್ತೆಯ ನಡುವಿಗೆ ಬಂದು ವೇಗ ಹಿಡಿಯಿತು.

ಚನ್ನವೀರ ಅದು ಕಣ್ಮರೆಯಾಗುವವರೆಗೂ ನಿಂತಿದ್ದ. ಎದೆ ತುಂಬಿತ್ತು. ಆದರೂ ಒಂದು ಸಣ್ಣ ಮುಳ್ಳು ಒಳಗೆ ಉಳಿದಿತ್ತು.

"ಉಸ್ತಾದ್ರ, ಬರುವಾಗ ನೋಡಿದ್ರೇನು? ಬಾಯಾರು ಊರ ಸುದ್ದಿ ಹೇಳಿದ್ರು, ಎಮ್ಮಿ ಸುದ್ದಿ ಹೇಳಿದ್ರು. ನಾ ಹಾಕಿದ್ದು ಆ ಗಾಡ್ಯಾಗ ಐತಿ ಅನ್ನೂದ ಅವರಿಗೆ ನೆನಪಿರಲಿಲ್ಲ."

ಉಸ್ತಾದರು ಮರದ ಕೆಳಗಿನ ಮುಂದಿನ ಗಾಡಿಯ ಬಾನೆಟ್ ಎತ್ತುತ್ತಾ ಕೇಳಿದರು.

"ನಿನ್ನ ಕಿವಿ ನಿನಗ ದಿನಕ್ಕ ಎಷ್ಟು ಸಲ ನೆನಪಾಗತಾವು?"